ಮ್ಯಾಕ್‌ಬೆತ್ ಮೊದಲ ಅಂಕ: ಕೊಲೆಯ ಮಾತು ಮೊದಲು ಬಂದದ್ದು ಯಾರ ಬಾಯಿಂದ?

ಪದವಿಯಲ್ಲಿ ಇಂಗ್ಲಿಷ್ ಓದುವ ಹುಡುಗರ ಕೈಯಲ್ಲಿ ಗೈಡು ಇರುತ್ತದೆ, ನಾಟಕ ಇರುವುದಿಲ್ಲ. ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ಗೆ ಗೈಡಿನ ಸಾರಾಂಶ ಎರಡು ಸಾಲಿನದು: ಮಾಟಗಾತಿಯರು ಆಸೆ ಹಚ್ಚಿದರು, ಹೆಂಡತಿ ಚುಚ್ಚಿದಳು, ಗಂಡ ದೊರೆಯನ್ನು ಕೊಂದ. ಮೊದಲ ಅಂಕವನ್ನು ಸಾಲು ಹಿಡಿದು ಓದಿದರೆ ಈ ಸಾರಾಂಶ ನಿಲ್ಲುವುದಿಲ್ಲ. ಮಾಟಗಾತಿಯರು ಕೊಲ್ಲು ಎಂದು ಎಲ್ಲಿಯೂ ಹೇಳುವುದಿಲ್ಲ. ಇಡೀ ಅಂಕದಲ್ಲಿ ‘ಮರ್ಡರ್’ ಎಂಬ ಇಂಗ್ಲಿಷ್ ಪದ, ಅದರ ರೂಪಗಳೂ ಸೇರಿ, ಮೂರೇ ಕಡೆ ಬರುತ್ತದೆ. ಎರಡು ಸಲ ಮ್ಯಾಕ್‌ಬೆತ್‌ನ ಬಾಯಲ್ಲಿ, ಒಂದು ಸಲ ಅವನ ಹೆಂಡತಿಯ ಬಾಯಲ್ಲಿ. ಆ ಮೂರು ಜಾಗ ಹುಡುಕಿ ಗೆರೆ ಎಳೆಯುವುದನ್ನೇ ಈ ಓದಿನ ಕೆಲಸ ಎಂದುಕೊಳ್ಳಿ. ಉಳಿದದ್ದು ಅದರ ಸುತ್ತ ತಾನಾಗಿ ಕೂಡಿಕೊಳ್ಳುತ್ತದೆ.

ಓದುವ ಮುಂಚೆ

ಮೊದಲ ಅಂಕದಲ್ಲಿ ಏಳು ದೃಶ್ಯ. ಒಟ್ಟು ಸುಮಾರು 480 ಸಾಲು. ಮುದ್ರಣದಿಂದ ಮುದ್ರಣಕ್ಕೆ ಸ್ವಲ್ಪ ಹೆಚ್ಚುಕಮ್ಮಿ. ಗಟ್ಟಿಯಾಗಿ ಓದಿದರೆ ಅರ್ಧ ಗಂಟೆ. ಬಲಗಡೆ ಪುಟದಲ್ಲಿ ಮೂಲ, ಎಡಗಡೆ ಪುಟದಲ್ಲಿ ಪದಾರ್ಥ ಇರುವ ಪ್ರತಿ ಸಿಕ್ಕರೆ ಒಳ್ಳೆಯದು. ಡಿ.ವಿ.ಜಿ. ಮಾಡಿದ ಕನ್ನಡ ಅನುವಾದವೂ ಇದೆ. ಅದನ್ನು ಮೂಲದ ಬದಲಿಗೆ ಓದಬೇಡಿ, ಒಂದು ದೃಶ್ಯ ಮುಗಿಸಿದ ಮೇಲೆ ತಾಳೆ ನೋಡುವುದಕ್ಕೆ ಇಟ್ಟುಕೊಳ್ಳಿ.

ಒಬ್ಬರೇ ಕೂತು ಕಣ್ಣಲ್ಲಿ ಓದಿದರೆ ಇದು ಕಬ್ಬಿಣದ ಕಡಲೆ. ಆರು ಜನ ಸೇರಿದರೆ ಸಾಕು, ಇಡೀ ಅಂಕವನ್ನು ಪಾತ್ರ ಹಂಚಿಕೊಂಡು ಓದಬಹುದು. ಒಬ್ಬರಿಗೆ ಮ್ಯಾಕ್‌ಬೆತ್. ಇನ್ನೊಬ್ಬರಿಗೆ ಲೇಡಿ ಮ್ಯಾಕ್‌ಬೆತ್, ಜೊತೆಗೆ ಎರಡನೇ ದೃಶ್ಯದ ಲೆನಾಕ್ಸ್. ಮೂರನೆಯವರಿಗೆ ಸ್ಕಾಟ್ಲೆಂಡಿನ ದೊರೆ ಡಂಕನ್ ಮತ್ತು ಮೊದಲ ಮಾಟಗಾತಿ. ನಾಲ್ಕನೆಯವರಿಗೆ ಗಾಯಗೊಂಡ ಸೈನಿಕ ಮತ್ತು ಮ್ಯಾಕ್‌ಬೆತ್‌ನ ಜೊತೆಯ ದಳಪತಿ ಬ್ಯಾಂಕೊ. ಐದನೆಯವರಿಗೆ ರಾಸ್ ಮತ್ತು ಎರಡನೇ ಮಾಟಗಾತಿ. ಆರನೆಯವರಿಗೆ ಮಾಲ್ಕಮ್, ಮೂರನೇ ಮಾಟಗಾತಿ, ಆಂಗಸ್ ಮತ್ತು ಐದನೇ ದೃಶ್ಯದಲ್ಲಿ ಸುದ್ದಿ ತರುವ ಆಳು. ಈ ಹಂಚಿಕೆಯಲ್ಲಿ ಒಬ್ಬರೇ ಎರಡು ಪಾತ್ರವಾಗಿ ಎದುರುಬದುರು ಮಾತಾಡುವ ಪ್ರಸಂಗ ಎಲ್ಲಿಯೂ ಬರುವುದಿಲ್ಲ.

ಹೆಸರುಗಳ ಗೋಜಲನ್ನು ಮೊದಲೇ ಬಿಡಿಸಿಕೊಳ್ಳಿ. ಮ್ಯಾಕ್‌ಡೊನ್ವಾಲ್ಡ್ ಬಂಡಾಯಗಾರ, ನಾವು ನೋಡುವ ಮೊದಲೇ ಸತ್ತಿರುತ್ತಾನೆ. ಮಾಲ್ಕಮ್ ದೊರೆಯ ಹಿರಿಯ ಮಗ. ಮ್ಯಾಕ್‌ಡಫ್ ಮುಂದೆ ಬಹಳ ಮುಖ್ಯನಾಗುತ್ತಾನೆ, ಆದರೆ ಈ ಅಂಕದಲ್ಲಿ ಅವನಿಗೆ ಒಂದು ಮಾತೂ ಇಲ್ಲ. ದೊರೆಯ ಕಿರಿಯ ಮಗ ಡೊನಾಲ್ಬೇನ್ ಇಲ್ಲಿ ಬಾಯಿ ಬಿಡುವುದಿಲ್ಲ. ‘ಥೇನ್’ ಎಂದರೆ ದೊರೆಯಿಂದ ಸೀಮೆ ಪಡೆದು, ಯುದ್ಧಕ್ಕೆ ದಂಡು ಕಟ್ಟಿಕೊಂಡು ಬರಬೇಕಾದ ನಾಯಕ. ವಿಜಯನಗರದ ಅಮರನಾಯಕರನ್ನು ನೆನೆಸಿಕೊಂಡರೆ ಅರ್ಥ ಬಹುಪಾಲು ಕೂತುಕೊಳ್ಳುತ್ತದೆ. ಕಾಡರ್ ಮತ್ತು ಗ್ಲಾಮಿಸ್ ಅಂಥ ಎರಡು ಸೀಮೆ.

ಇತಿಹಾಸದ ಬಗ್ಗೆ ಇಷ್ಟು ಸಾಕು. ನಿಜವಾದ ಡಂಕನ್ 1040ರಲ್ಲಿ ರಣರಂಗದಲ್ಲಿ ಸತ್ತ, ಹಾಸಿಗೆಯಲ್ಲಲ್ಲ. ನಿಜವಾದ ಮ್ಯಾಕ್‌ಬೆತ್ 1057ರವರೆಗೆ ಆಳಿದ. ಶೇಕ್ಸ್‌ಪಿಯರ್ ಸುಮಾರು 1606ರಲ್ಲಿ ಬರೆದದ್ದು ನಾಟಕ, ಚರಿತ್ರೆಯಲ್ಲ, ಅಚ್ಚಾದದ್ದು 1623ರಲ್ಲಿ. ಆಗ ಸಿಂಹಾಸನದ ಮೇಲಿದ್ದ ಜೇಮ್ಸ್, ಬ್ಯಾಂಕೊ ತನ್ನ ವಂಶದ ಮೂಲಪುರುಷ ಎಂದು ಹೇಳಿಕೊಳ್ಳುತ್ತಿದ್ದ. ನಾಟಕಕ್ಕೆ ಆಕರವಾದ ಹಾಲಿನ್‌ಶೆಡ್‌ನ ವೃತ್ತಾಂತದಲ್ಲಿ ಕೊಲೆಗೆ ಕೈಜೋಡಿಸುವ ಬ್ಯಾಂಕೊ ನಾಟಕದಲ್ಲಿ ಕೈ ತೊಳೆದುಕೊಂಡಂತೆ ಶುದ್ಧನಾಗಿರುವುದು ಯಾಕೆ ಎಂದು ಬೇರೆ ಹೇಳಬೇಕಿಲ್ಲ.

ನಾಯಕ ಬರುವ ಮೊದಲು

ನಮ್ಮ ಬಯಲಾಟದಲ್ಲಿ ರಾಜ ರಂಗಕ್ಕೆ ಬಂದವನೇ ಸಾರಥಿಯನ್ನು ಕರೆದು ತನ್ನ ಹೆಸರು, ಊರು, ಪರಾಕ್ರಮ ತಾನೇ ಸಾರುತ್ತಾನೆ. ಕೇಳಿದವರು ಅದನ್ನೇ ನಂಬಿ ಮುಂದೆ ಹೋಗಬಹುದು. ಇಲ್ಲಿ ಕ್ರಮ ತಿರುವುಮುರುವು. ಮ್ಯಾಕ್‌ಬೆತ್ ಕಾಣಿಸಿಕೊಳ್ಳುವುದು ಮೂರನೇ ದೃಶ್ಯದಲ್ಲಿ. ಅಷ್ಟರೊಳಗೆ ಇಬ್ಬರು ಅವನ ಪರಿಚಯ ಮಾಡಿಸಿರುತ್ತಾರೆ: ಮೊದಲು ಮಾಟಗಾತಿಯರು, ಆಮೇಲೆ ದೊರೆಯ ಪಾಳೆಯ. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಅವನ ಬಗ್ಗೆ ಯಾರು ಏನಂದರು ಎಂದು ಬರೆದುಕೊಳ್ಳಿ.

ಮೊದಲ ದೃಶ್ಯ ಹನ್ನೆರಡೇ ಸಾಲಿನದು. ಅದನ್ನು ಮೇಜು ಕುಟ್ಟುತ್ತಾ ಓದಿ. ಒಂದು ಸಾಲಿಗೆ ನಾಲ್ಕು ಪೆಟ್ಟು, ಶುರುವಾಗುವುದೇ ಪೆಟ್ಟಿನಿಂದ, ಹಲಗೆಯ ಬಡಿತದ ಹಾಗೆ. ದೊರೆ, ನಾಯಕರ ಮಾತಿಗೆ ಸಾಲಿಗೆ ಐದು ಪೆಟ್ಟು, ಅದೂ ಮೆಲ್ಲಗೆ ಎದ್ದು ಆಮೇಲೆ ಬೀಳುವ ನಡೆ. ಅರ್ಥ ತಿಳಿಯದಿದ್ದರೂ ಇವರು ಬೇರೆ ಲೋಕದವರು ಎಂದು ಕಿವಿ ಹೇಳಿಬಿಡುತ್ತದೆ. ಕೊನೆಯಲ್ಲಿ ಬರುವ ‘ಫೇರ್ ಈಸ್ ಫೌಲ್, ಅಂಡ್ ಫೌಲ್ ಈಸ್ ಫೇರ್’, ಅಂದರೆ ಚೆಂದವೇ ಹೊಲಸು, ಹೊಲಸೇ ಚೆಂದ, ಎಂಬ ಸಾಲಿಗೆ ಗುರುತು ಹಾಕಿ. ಅದು ಎರಡೇ ಪುಟದಲ್ಲಿ ವಾಪಸು ಬರುತ್ತದೆ.

ಎರಡನೇ ದೃಶ್ಯದಲ್ಲಿ ಬಹಳ ಜನ ಪುಸ್ತಕ ಮುಚ್ಚಿಡುತ್ತಾರೆ. ರಕ್ತ ಸೋರುತ್ತಿರುವ ಸೈನಿಕ ಉಪಮೆಯ ಮೇಲೆ ಉಪಮೆ ಹೇರುತ್ತಾನೆ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಉಸಿರುಗಟ್ಟಿ ಹೇಳುವವನ ಮಾತು ಗಡಿಬಿಡಿಯಲ್ಲೇ ಇರಬೇಕು. ಬಂಡಾಯಗಾರನನ್ನು ಮ್ಯಾಕ್‌ಬೆತ್ ಹೊಕ್ಕುಳಿಂದ ದವಡೆವರೆಗೆ ಸೀಳಿ, ತಲೆಯನ್ನು ಕೋಟೆಯ ಗೋಡೆಗೆ ಸಿಕ್ಕಿಸಿದ್ದು. ನಾರ್ವೆಯ ದಾಳಿಯನ್ನೂ ಮುರಿದದ್ದು. ಕಾಡರ್‌ನ ನಾಯಕ ಶತ್ರುವಿನ ಕಡೆ ಸೇರಿದ್ದು. ದೊರೆ ಅವನಿಗೆ ಮರಣದಂಡನೆ ವಿಧಿಸಿ ಆ ಬಿರುದನ್ನು ಮ್ಯಾಕ್‌ಬೆತ್‌ಗೆ ಕೊಟ್ಟದ್ದು. ಇಷ್ಟು ತಲೆಗೆ ಹೋದರೆ ಮುಂದೆ ನಡೆಯಿರಿ. ದ್ರೋಹಿಯ ತಲೆ ಎಂಬುದನ್ನು ಮಾತ್ರ ಅಂಚಿನಲ್ಲಿ ಬರೆದಿಡಿ, ಐದನೇ ಅಂಕದ ಕೊನೆಯಲ್ಲಿ ಇನ್ನೊಂದು ತಲೆ ರಂಗಕ್ಕೆ ಬರುತ್ತದೆ. ಇಲ್ಲಿ ಅವನನ್ನು ಕೊಂಡಾಡುವುದು ಮನುಷ್ಯನನ್ನು ಸೀಳಿದ ಕೈಚಳಕಕ್ಕೆ. ದೊರೆ ಅದಕ್ಕೆ ಭೇಷ್ ಅನ್ನುತ್ತಾನೆ.

ಮೂರನೇ ದೃಶ್ಯ: ಇಲ್ಲಿ ನಿಧಾನಿಸಿ

ಅಂಕದ ಅತಿ ಉದ್ದದ ದೃಶ್ಯ ಇದು, ಸುಮಾರು 156 ಸಾಲು. ಶುರುವಿನ ನಾವಿಕನ ಹೆಂಡತಿಯ ಕತೆಯನ್ನು ಹಾರಿಸುವ ರೂಢಿ ಇದೆ. ಹಾರಿಸಬೇಡಿ. ಆಕೆ ತಿನ್ನುತ್ತಿದ್ದ ಕಾಯಿ ಕೊಡಲಿಲ್ಲವೆಂದು ಮಾಟಗಾತಿ ಅವಳ ಗಂಡನ ಹಡಗಿನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾಳೆ. ಒಂಬತ್ತೊಂಬತ್ತಲ ಎಂಬತ್ತೊಂದು ವಾರ ಅವನಿಗೆ ನಿದ್ದೆ ಇಲ್ಲದಂತೆ ಮಾಡುತ್ತೇನೆ ಅನ್ನುತ್ತಾಳೆ. ಆದರೆ ಒಂದು ಮಿತಿ ಒಪ್ಪಿಕೊಳ್ಳುತ್ತಾಳೆ: ಹಡಗನ್ನು ಬಿರುಗಾಳಿಗೆ ಸಿಕ್ಕಿಸಬಹುದು, ಮುಳುಗಿಸಲಿಕ್ಕೆ ಬರುವುದಿಲ್ಲ. ಇವರ ಶಕ್ತಿ ಎಲ್ಲಿಗೆ ನಿಲ್ಲುತ್ತದೆ ಎಂದು ನಾಟಕಕಾರ ಮೊದಲೇ ಹೇಳಿಟ್ಟ ಮಾತು ಇದು. ಪರೀಕ್ಷೆಯಲ್ಲಿ ‘ಮಾಟಗಾತಿಯರ ಪಾತ್ರ’ ಎಂಬ ಪ್ರಶ್ನೆ ಬಂದರೆ ಈ ಸಾಲಿಲ್ಲದ ಉತ್ತರ ಅರ್ಧ ಉತ್ತರ.

ಮ್ಯಾಕ್‌ಬೆತ್ ಬಂದವನೇ ಆಡುವ ಮೊದಲ ಮಾತು: ಇಷ್ಟು ಹೊಲಸೂ ಇಷ್ಟು ಚೆಂದವೂ ಆದ ದಿನ ನಾನು ಕಂಡಿಲ್ಲ. ಮಾಟಗಾತಿಯರು ಆಡಿದ ಎರಡು ಪದವನ್ನೇ ಅವನು, ಅವರನ್ನು ನೋಡುವ ಮೊದಲೇ, ಆಡುತ್ತಾನೆ. ಇದೇ ವಾಪಸು ಬರುತ್ತದೆ ಎಂದ ಸಾಲು.

ಆಮೇಲೆ ಮೂರು ಜೈಕಾರ. ಗ್ಲಾಮಿಸ್‌ನ ನಾಯಕ, ಕಾಡರ್‌ನ ನಾಯಕ, ಮುಂದೆ ದೊರೆಯಾಗುವವ. ಮೊದಲನೆಯದು ಅವನಿಗೆ ಈಗಾಗಲೇ ಇರುವ ಬಿರುದು. ಎರಡನೆಯದು ಸಿಕ್ಕಾಗಿದೆ; ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೂರನೆಯದು ಮಾತ್ರ ಭವಿಷ್ಯ. ಅದರಲ್ಲೂ ಹೇಗೆ, ಯಾವಾಗ, ಯಾರನ್ನು ದಾಟಿ ಎಂಬ ಸೊಲ್ಲಿಲ್ಲ.

ಮೈಲಾರದ ಕಾರಣಿಕ ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ. ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಅಷ್ಟೂ ಜನರನ್ನು ಸುಮ್ಮನಾಗಿಸಿ, ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಬಂಡಿ ಹತ್ತುವಷ್ಟರಲ್ಲಿ ಅದೇ ಸಾಲಿಗೆ ಒಕ್ಕಲಿಗ ಮಳೆಬೆಳೆಯ ಅರ್ಥ ಹೇಳುತ್ತಿರುತ್ತಾನೆ, ರಾಜಕಾರಣಿ ಕುರ್ಚಿಯ ಅರ್ಥ, ದಲ್ಲಾಳಿ ಮೆಣಸಿನಕಾಯಿ ದರದ ಅರ್ಥ. ನುಡಿ ಒಂದೇ, ಯಾರ ಮನಸ್ಸಿನಲ್ಲಿ ಏನಿತ್ತೋ ಅದು ಹೊರಗೆ ಬರುತ್ತದೆ. ಇಲ್ಲಿಯೂ ಕೇಳುವವರು ಇಬ್ಬರು. ಬ್ಯಾಂಕೊಗೆ ಸಿಗುವ ನುಡಿ ಅವನ ಮಕ್ಕಳು ದೊರೆಗಳಾಗುತ್ತಾರೆ ಎಂದು. ಅವನು ನಿಂತಲ್ಲೇ ನಿಂತು ತಮಾಷೆಯಾಗಿ ಮಾತಾಡುತ್ತಾನೆ. ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ಪುಸ್ತಕದಲ್ಲಿ ಅಭಿನಯ ಸೂಚನೆ ಇಲ್ಲ. ಇಷ್ಟು ಒಳ್ಳೆಯ ಮಾತಿಗೆ ಯಾಕೆ ಬೆಚ್ಚಿದೆ, ಹೆದರಿದವನಂತೆ ಯಾಕೆ ನಿಂತೆ ಎಂದು ಬ್ಯಾಂಕೊ ಕೇಳುವ ಪ್ರಶ್ನೆಯೇ ಸೂಚನೆ. ರಂಗದ ಮೇಲೆ ಆಡಿಸುವವರು ಪ್ರಶ್ನೆ ಬರುವ ಮೊದಲೇ ಆ ಬೆಚ್ಚುವಿಕೆ ಕಾಣುವಂತೆ ಮಾಡಬೇಕು. ಮರೆತರೆ ಬ್ಯಾಂಕೊ ಗಾಳಿಗೆ ಕೇಳಿದಂತಾಗುತ್ತದೆ.

ದೊರೆ ಕಳಿಸಿದ ರಾಸ್ ಬಂದು ಕಾಡರ್ ಬಿರುದು ಕೊಟ್ಟ ಕೂಡಲೇ ಮ್ಯಾಕ್‌ಬೆತ್, ಕಂಡವರ ಅಂಗಿ ನನಗೇಕೆ ತೊಡಿಸುತ್ತೀರಿ ಅನ್ನುತ್ತಾನೆ. ಬಟ್ಟೆಯ ಈ ಎಳೆಯನ್ನು ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತಿಸಿ. ಇದೇ ದೃಶ್ಯದಲ್ಲಿ ಬ್ಯಾಂಕೊ, ಹೊಸ ಬಟ್ಟೆ ಬಳಸಿ ಬಳಸಿ ಮೈಗೆ ಹೊಂದಬೇಕು ಅನ್ನುತ್ತಾನೆ. ಏಳನೇ ದೃಶ್ಯದಲ್ಲಿ ಗಂಡಹೆಂಡತಿ ಇಬ್ಬರೂ ಅದನ್ನೇ ಎಳೆದಾಡುತ್ತಾರೆ.

ಇನ್ನು ಈ ದೃಶ್ಯದ ಹೃದಯ. ಬ್ಯಾಂಕೊ ಎಚ್ಚರಿಸುತ್ತಾನೆ: ಕತ್ತಲೆಯ ದೂತರು ಚಿಲ್ಲರೆ ವಿಷಯದಲ್ಲಿ ನಿಜ ಹೇಳಿ ನಂಬಿಸುತ್ತಾರೆ, ದೊಡ್ಡ ವಿಷಯದಲ್ಲಿ ಕೈಕೊಡುತ್ತಾರೆ. ಮ್ಯಾಕ್‌ಬೆತ್‌ಗೆ ಕಿವಿಯಿಲ್ಲ. ಅವನು ಪಕ್ಕಕ್ಕೆ ಸರಿದು ತನ್ನಷ್ಟಕ್ಕೇ ಆಡುವ ಮಾತುಗಳು ನಾಲ್ಕು. ನಡುವಿನ ಉದ್ದದ ಮಾತಿನಲ್ಲಿ ಆ ಪದ ಮೊದಲ ಸಲ ಬರುತ್ತದೆ. ನನ್ನ ಯೋಚನೆ, ಅದರಲ್ಲಿ ಕೊಲೆ ಇನ್ನೂ ಬರೀ ಕಲ್ಪನೆ, ನನ್ನನ್ನೇ ಅಲುಗಾಡಿಸುತ್ತಿದೆ ಅನ್ನುತ್ತಾನೆ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಹೆಂಡತಿ ಇನ್ನೂ ರಂಗಕ್ಕೇ ಬಂದಿಲ್ಲ. ಇಲ್ಲಿ ಮೊದಲ ಗೆರೆ. ಮೂರನೇ ಮಾತಿನಲ್ಲಿ ಅವನು ಹಿಂದೆ ಸರಿಯುತ್ತಾನೆ: ದೈವ ನನ್ನನ್ನು ದೊರೆ ಮಾಡುವುದಾದರೆ ನಾನು ಕೈ ಆಡಿಸದೆಯೇ ಮಾಡಲಿ. ಎರಡನ್ನೂ ಬರೆದರೆ ಮಾತ್ರ ಉತ್ತರ ಪೂರ್ತಿಯಾಗುತ್ತದೆ.

ಒಂದು ತೊಡಕು: ಕಾಡರ್ ನಾರ್ವೆಗೆ ನೆರವಾದದ್ದು ಎರಡನೇ ದೃಶ್ಯದಲ್ಲಿ ಬಂದಿದೆ. ಅದೇ ಯುದ್ಧ ಮಾಡಿ ಬಂದ ಮ್ಯಾಕ್‌ಬೆತ್ ಮೂರನೇ ದೃಶ್ಯದಲ್ಲಿ ಕಾಡರ್ ಚೆನ್ನಾಗೇ ಬದುಕಿದ್ದಾನಲ್ಲ ಅನ್ನುತ್ತಾನೆ. ನಿಮಗೆ ಅರ್ಥವಾಗದ್ದಲ್ಲ, ಅದು ಪಠ್ಯದಲ್ಲೇ ಇರುವ ಬಿರುಕು. ಅದರ ಮೇಲೆ ಹೊತ್ತು ಕಳೆಯಬೇಡಿ.

ನಾಲ್ಕನೆಯದು: ಒಂದು ಪ್ರವೇಶ, ಒಂದು ಘೋಷಣೆ

ಮರಣದಂಡನೆಗೆ ಗುರಿಯಾದ ಕಾಡರ್ ಬಗ್ಗೆ ದೊರೆ ಹೇಳುತ್ತಾನೆ: ಮುಖ ನೋಡಿ ಮನಸ್ಸು ಓದುವ ವಿದ್ಯೆ ಯಾವುದೂ ಇಲ್ಲ, ಅವನನ್ನು ನಾನು ಪೂರ್ತಿ ನಂಬಿದ್ದೆ. ಆ ಸಾಲು ಮುಗಿಯುವ ಮುಂಚೆಯೇ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಬೆರಳಿಟ್ಟು ನೋಡಬೇಕಾದ ಜಾಗ ಇದು, ವಿವರಣೆ ಬೇಡ.

ಮುಂದಿನದು ಘೋಷಣೆ. ಮಾಲ್ಕಮ್‌ನನ್ನು ಕಂಬರ್‌ಲ್ಯಾಂಡಿನ ರಾಜಕುಮಾರ, ಅಂದರೆ ಉತ್ತರಾಧಿಕಾರಿ, ಎಂದು ದೊರೆ ಸಾರುತ್ತಾನೆ. ಹಳೆಯ ಸ್ಕಾಟ್ಲೆಂಡಿನಲ್ಲಿ ಪಟ್ಟ ಹಿರಿಯ ಮಗನಿಗೇ ಎಂಬ ಗಟ್ಟಿ ನಿಯಮ ಇರಲಿಲ್ಲ, ರಾಜವಂಶದ ಸಮರ್ಥ ಗಂಡಸಿಗೂ ಸಿಗುತ್ತಿತ್ತು. ಇದು ತಿಳಿದರೆ ಮ್ಯಾಕ್‌ಬೆತ್‌ನ ಸಿಟ್ಟಿಗೆ ಕಾರಣ ಕಾಣುತ್ತದೆ: ಕೈ ಆಡಿಸದೆ ದೊರೆಯಾಗುವ ಬಾಗಿಲು ಮುಚ್ಚಿತು. ನಕ್ಷತ್ರಗಳೇ, ನಿಮ್ಮ ಬೆಳಕು ಮರೆಮಾಡಿ ಎಂಬ ಮಾತು ಇಲ್ಲಿ ಬರುತ್ತದೆ.

ಐದನೇ ದೃಶ್ಯ: ಕಾಗದದಲ್ಲಿ ಇಲ್ಲದ್ದು

ಲೇಡಿ ಮ್ಯಾಕ್‌ಬೆತ್ ಗಂಡನ ಕಾಗದ ಓದುತ್ತಾ ಬರುತ್ತಾಳೆ. ಕಾಗದ ಗದ್ಯದಲ್ಲಿದೆ. ಅದರಲ್ಲಿ ಇರುವುದಕ್ಕಿಂತ ಇಲ್ಲದ್ದನ್ನು ನೋಡಿ: ಬ್ಯಾಂಕೊನ ಮಕ್ಕಳ ಬಗೆಗಿನ ನುಡಿ ಇಲ್ಲ, ಕೊಲೆಯ ಸುಳಿವೂ ಇಲ್ಲ. ಆದರೂ ಆಕೆ ಒಂದೇ ಓದಿಗೆ ಹತ್ತಿರದ ದಾರಿ ಯಾವುದೆಂದು ಹಿಡಿಯುತ್ತಾಳೆ. ಗಂಡನಿಗೆ ಮಹತ್ವಾಕಾಂಕ್ಷೆ ಇದೆ, ಅದಕ್ಕೆ ಬೇಕಾದ ಕೇಡುತನ ಇಲ್ಲ ಎಂಬುದು ಅವಳ ಲೆಕ್ಕ. ಗಂಡನನ್ನು ಇಷ್ಟು ಚೆನ್ನಾಗಿ ಓದಿದವರು ಈ ನಾಟಕದಲ್ಲಿ ಇನ್ನೊಬ್ಬರಿಲ್ಲ.

ದೊರೆ ಇವತ್ತು ರಾತ್ರಿಯೇ ಬರುತ್ತಾನೆ ಎಂದು ಆಳು ಹೇಳಿದಾಗ ಅವಳು, ನಿನಗೆ ಹುಚ್ಚೇ ಎಂದು ಬಾಯಿ ತಪ್ಪುತ್ತಾಳೆ, ಆಮೇಲೆ ಮಾತು ಸರಿಪಡಿಸಿಕೊಳ್ಳುತ್ತಾಳೆ. ದೊರೆಯ ಅರಮನೆ ಇರುವ ಫಾರೆಸ್‌ನಿಂದ ಮ್ಯಾಕ್‌ಬೆತ್‌ನ ಕೋಟೆ ಇರುವ ಇನ್ವರ್ನೆಸ್‌ಗೆ ಸುಮಾರು 40 ಕಿಲೋಮೀಟರು, ಹೆಚ್ಚುಕಡಿಮೆ ಕೊಪ್ಪಳದಿಂದ ಗಂಗಾವತಿಗೆ ಹೋದಂತೆ. ಆಳು ಏದುಸಿರು ಬಿಡುತ್ತಾ ಮುಂದೆ, ಗಂಡ ಹಿಂದೆ, ದೊರೆ ಗಂಡನ ಬೆನ್ನಿಗೆ. ಯೋಚನೆಗೆ ಪುರುಸೊತ್ತು ಕೊಡದ ಈ ಓಟ ಕತೆಗೆ ಬೇಕು.

ಕಾಡುಕಾಗೆಯ ದನಿ ಒಡೆದಿದೆ ಎಂದು ಅವಳ ಸ್ವಗತ ಶುರು. ನಮ್ಮಲ್ಲಿ ಮಾಳಿಗೆ ಮೇಲೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನುತ್ತೇವೆ. ಅಲ್ಲಿ ಆ ಹಕ್ಕಿ ಸಾವಿನ ಶಕುನ. ಅವಳ ಬಾಯಲ್ಲಿ ಎರಡೂ ಕೂಡಿಬಿಡುವುದು ಕನ್ನಡದವರಿಗೆ ಮಾತ್ರ ಸಿಗುವ ಪುಕ್ಕಟೆ ಲಾಭ. ನನ್ನ ಹೆಣ್ತನ ಕಳೆಯಿರಿ, ನನ್ನೆದೆಯ ಹಾಲನ್ನು ಪಿತ್ತವಾಗಿಸಿ ಎಂದು ಅವಳು ಕರೆಯುವುದು ‘ಕೊಲೆಯ ದೂತರ’ನ್ನು. ಎರಡನೇ ಗೆರೆ ಇಲ್ಲಿ. ಇದನ್ನು ಓದಿ ಅವಳನ್ನು ರಾಕ್ಷಸಿ ಎಂದು ಬರೆಯುವುದು ಸಾಮಾನ್ಯ ತಪ್ಪು. ಕರುಣೆ ಇಲ್ಲದವಳು ಕರುಣೆ ತೆಗೆಯಿರಿ ಎಂದು ಬೇಡುವುದಿಲ್ಲ.

ಆಮೇಲೆ ಬರುವ ಗಂಡ ಈ ದೃಶ್ಯದಲ್ಲಿ ಬಾಯಿ ಬಿಡುವುದು ಮೂರೇ ಸಲ. ಡಂಕನ್ ಇವತ್ತು ರಾತ್ರಿ ಬರುತ್ತಾನೆ. ಮತ್ತೆ ಹೊರಡುವುದು ಯಾವಾಗ ಎಂದು ಅವಳು ಕೇಳುತ್ತಾಳೆ. ನಾಳೆ, ಅವನ ಲೆಕ್ಕದಲ್ಲಿ. ಆಮೇಲೆ ಮಾತಾಡೋಣ. ಎರಡನೇ ಮಾತಿನಲ್ಲಿ ‘ನಾಳೆ’ ಆದಮೇಲೆ ಒಂದು ಉಸಿರು ಬಿಟ್ಟು ಓದಿ. ಇಬ್ಬರ ನಡುವೆ ಏನು ದಾಟಿತೆಂದು ಕೇಳಿಸುತ್ತದೆ.

ಆರನೇ ದೃಶ್ಯ ಚಿಕ್ಕದು. ದೊರೆ ಕೋಟೆಯ ಗಾಳಿಯನ್ನು ಹೊಗಳುತ್ತಾನೆ, ಬ್ಯಾಂಕೊ ಗೋಡೆಯಲ್ಲಿ ಗೂಡು ಕಟ್ಟಿದ ಪುಟ್ಟ ಹಕ್ಕಿಗಳನ್ನು ತೋರಿಸುತ್ತಾನೆ. ಹಿಂದಿನ ದೃಶ್ಯದ ಕಾಡುಕಾಗೆಯ ಪಕ್ಕದಲ್ಲಿ ಈ ಹಕ್ಕಿಯನ್ನು ಬರೆದುಕೊಳ್ಳಿ. ಬಾಗಿಲಿಗೆ ಬಂದು ಸ್ವಾಗತಿಸುವವಳು ಹೆಂಡತಿ. ಮನೆಯ ಯಜಮಾನ ಕಾಣುವುದಿಲ್ಲ.

ಏಳನೇ ದೃಶ್ಯ: ಊಟದ ಮನೆಯ ಹೊರಗೆ

ಮಾತಿಗಿಂತ ಮೊದಲು ರಂಗಸೂಚನೆ ಓದಿ. ವಾದ್ಯ, ಪಂಜು, ತಟ್ಟೆ ಹೊತ್ತ ಆಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಾರೆ. ಅಂದರೆ ದೊರೆ ಒಳಗೆ ಉಣ್ಣುತ್ತಿದ್ದಾನೆ, ಉಣಬಡಿಸಬೇಕಾದವನು ಎದ್ದು ಬಂದಿದ್ದಾನೆ. ನಾಟಕ ಆಡುವವರು ಈ ಸೂಚನೆ ಕತ್ತರಿಸಿದರೆ ಮುಂದಿನ 28 ಸಾಲಿನ ಸ್ವಗತ ಅಂತರದಲ್ಲಿ ತೂಗಾಡುತ್ತದೆ. ಹಿಂದೆ ಪಾತ್ರೆಯ ಸದ್ದಾದರೂ ಇರಲಿ.

ಔತಣಕ್ಕೆ ಕರೆದು ಕೊಲ್ಲುವುದು ಈ ನೆಲಕ್ಕೆ ಹೊಸ ಕತೆಯಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಬರೆದಿಟ್ಟಿದ್ದಾನೆ: ಇಮ್ಮಡಿ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ ಪ್ರಮುಖರನ್ನೆಲ್ಲ ಊಟಕ್ಕೆ ಕರೆದ, ನಗಾರಿ ಕಹಳೆಗಳ ಗದ್ದಲದಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಸಿ ಮುಗಿಸಿದ, ಕೊನೆಗೆ ಅರಸನಿಗೇ ಇರಿದ. ಅರಸ ಬದುಕಿಕೊಂಡ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ನಮ್ಮ ಮಾತು ಅತಿಥಿಗೆ ಹೇಳಿದ್ದು. ಇಲ್ಲಿ ಎರಡು ಬಗೆಯುತ್ತಿರುವವನು ಉಣಿಸಿದವನು.

ಸ್ವಗತವನ್ನು ಲೆಕ್ಕದ ಹಾಗೆ ಬಿಡಿಸಿ, ಕಾರಣಗಳು ಬರುವ ಕ್ರಮದಲ್ಲೇ. ಮೊದಲನೆಯದು ಪಾಪಭಯವಲ್ಲ: ಇಲ್ಲೇ ಮುಗಿದುಹೋಗುವಂತಿದ್ದರೆ ಪರಲೋಕದ ಗೊಡವೆ ಬಿಡುತ್ತೇನೆ ಅನ್ನುತ್ತಾನೆ. ತಡೆಯುವುದು, ಕಲಿಸಿದ ರಕ್ತದ ಪಾಠ ಕಲಿಸಿದವನಿಗೇ ತಿರುಗುತ್ತದೆ ಎಂಬ ಅಂಜಿಕೆ. ಎರಡನೆಯದು ನಂಟು: ನಾನು ಅವನ ಬಂಧು, ಪ್ರಜೆ, ಮೇಲಾಗಿ ಮನೆಗೆ ಕರೆದವನು, ಕೊಲೆಗಾರನಿಗೆ ಬಾಗಿಲು ಮುಚ್ಚಬೇಕಾದವನು. ಮೂರನೇ ಗೆರೆ ಇಲ್ಲಿ. ಮೂರನೆಯ ಕಾರಣ ದೊರೆಯ ಒಳ್ಳೆಯತನ. ಕೊನೆಗೆ ಉಳಿಯುವುದು ಮಹತ್ವಾಕಾಂಕ್ಷೆಯೊಂದೇ, ಕುದುರೆ ಏರಲು ಜಿಗಿದು ಆಚೆ ಬೀಳುವ ಸವಾರನಂತೆ. ವಾಕ್ಯ ಮುಗಿಯುವ ಮೊದಲು ಹೆಂಡತಿ ಬಂದುಬಿಡುತ್ತಾಳೆ.

ಬೇಡ, ಇಲ್ಲಿಗೆ ನಿಲ್ಲಿಸೋಣ ಅನ್ನುತ್ತಾನೆ. ಅವಳು ಅವನ ಒಂದು ಕಾರಣಕ್ಕೂ ಉತ್ತರ ಕೊಡುವುದಿಲ್ಲ, ನೋಡಿ. ದೊರೆ ಒಳ್ಳೆಯವನೇ, ಅತಿಥಿಯೇ ಎಂಬ ಚರ್ಚೆಗೇ ಇಳಿಯುವುದಿಲ್ಲ. ನೀನು ಗಂಡಸೇ, ನಿನ್ನ ಪ್ರೀತಿಯೂ ಇಷ್ಟೇ ಏನು, ಕೊಟ್ಟ ಮಾತೇನಾಯಿತು ಎಂದು ಕೇಳುತ್ತಾಳೆ. ಹಾಲೂಡಿಸುತ್ತಿದ್ದ ಕೂಸನ್ನೂ, ಮಾತು ಕೊಟ್ಟಿದ್ದರೆ, ಬಡಿದು ಕೊಲ್ಲುತ್ತಿದ್ದೆ ಎಂಬಲ್ಲಿಗೆ ಹೋಗುತ್ತಾಳೆ. ಅದಾದ ಕೂಡಲೇ ಗಂಡನ ಬಾಯಿಂದ ಬರುವ, ಮೂಲದಲ್ಲಿ ನಾಲ್ಕು ಪದದ, ಪ್ರಶ್ನೆಯೇ ಅಂಕದ ತಿರುವು: ನಾವು ಸೋತರೆ? ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ಸತ್ತಿತು. ಹೇಗೆ ಎಂಬುದಷ್ಟೇ ಉಳಿಯಿತು. ಅವಳ ಬಳಿ ಉತ್ತರ ಸಿದ್ಧವಿದೆ: ದೊರೆಯ ಇಬ್ಬರು ಕಾವಲುಗಾರರಿಗೆ ಮದ್ಯ ಕುಡಿಸಿ ಮಲಗಿಸುವುದು, ಅಪವಾದ ಅವರ ತಲೆಗೆ. ರಕ್ತ ಅವರ ಮೈಗೆ ಬಳಿಯೋಣ, ಅವರ ಕಠಾರಿಯನ್ನೇ ಬಳಸೋಣ ಎಂದು ಸೇರಿಸುವವನು ಮ್ಯಾಕ್‌ಬೆತ್.

ಈಗ ಮೂರು ಗೆರೆಗಳನ್ನು ಮತ್ತೊಮ್ಮೆ ನೋಡಿ, ಕೊನೆಯ ಐವತ್ತು ಸಾಲಿನಲ್ಲಿ ಆ ಪದ ಹುಡುಕಿ. ಸಿಗುವುದಿಲ್ಲ. ಯೋಜನೆ ಪಕ್ಕಾ ಆದಷ್ಟೂ ಹೆಸರು ಮರೆಯಾಗುತ್ತದೆ: ‘ಈ ವ್ಯವಹಾರ’, ‘ಈ ಸಾಹಸ’, ‘ಅದು’. ಎರಡನೇ ಅಂಕಕ್ಕೆ ಹೋಗುವಾಗ ಆ ಹಾಳೆಯನ್ನು ಜೊತೆಗಿಟ್ಟುಕೊಳ್ಳಿ. ಕೊಲೆಯಾದ ಬೆಳಿಗ್ಗೆ ಆ ಪದವನ್ನು ಯಾರು ಕೂಗಿ ಹೇಳುತ್ತಾರೆ ಎಂಬುದನ್ನು ಅದೇ ಕಾಲಂನಲ್ಲಿ ಬರೆಯಬೇಕು.